ನಾಯಿ, ಬೆಕ್ಕಿನ ಮರಿಗೆ ಲಸಿಕೆ: ನಾಲ್ಕು ತಿಂಗಳು ತುಂಬುವ ತನಕ ಮುಗಿಯುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಕಡೆ ಹೊಸದಾಗಿ ನಾಯಿಮರಿ ತಂದವರನ್ನು ‘ಲಸಿಕೆ ಆಯ್ತಾ?’ ಅಂತ ಕೇಳಿ ನೋಡಿ. ‘ಹೂಂ ರೀ, ಒಂದು ಇಂಜೆಕ್ಷನ್ ಮಾಡಿಸೇವಿ’ ಅನ್ನುತ್ತಾರೆ. ಯಾವ ಇಂಜೆಕ್ಷನ್, ಎಷ್ಟು ವಾರದ ಮರಿಗೆ, ಮುಂದಿನದು ಯಾವಾಗ ಅಂದರೆ ಗೊತ್ತಿರುವುದಿಲ್ಲ. ಮರಿ ಮಾರಿದವನು ‘ಎಲ್ಲಾ ಆಗೇತಿ’ ಅಂದಿರುತ್ತಾನೆ, ಅಷ್ಟೇ. ಸ್ವಲ್ಪ ದಿನ ಕಳೆಯುವುದರೊಳಗೆ ಮರಿ ಊಟ ಬಿಡುತ್ತದೆ, ವಾಂತಿ ಶುರುವಾಗುತ್ತದೆ, ಮರುದಿನ ರಕ್ತಭೇದಿ. ಲಸಿಕೆ ಹಾಕಿಸಿದ್ದೆವಲ್ಲ, ಆದರೂ ಕರುಳು ಕೆಡಿಸುವ ಈ ಪಾರ್ವೊ ರೋಗ ಹೇಗೆ ಬಂತು ಅಂತ ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಈ ಬರಹದಲ್ಲಿ ನೆನಪಿಟ್ಟುಕೊಳ್ಳಬೇಕಾದ ಮಾತು ಒಂದೇ. ಎಷ್ಟು ಡೋಸ್ ಆಯಿತು ಅಂತ ಎಣಿಸಬೇಡಿ. ಕೊನೆಯ ಡೋಸ್ ಬಿದ್ದಾಗ ಮರಿಗೆ ಎಷ್ಟು ವಾರವಾಗಿತ್ತು ಅಂತ ನೋಡಿ. 16 ವಾರ ತುಂಬಿದ ಮೇಲೆ ಒಂದು ಡೋಸ್ ಬಿದ್ದಿರಲೇಬೇಕು. ಅದಕ್ಕೂ ಮುಂಚೆ ನಾಲ್ಕು ಸಲ ಚುಚ್ಚಿಸಿದ್ದರೂ ಕೆಲಸ ಅರ್ಧವೇ.

ಒಂದೇ ಸೂಜಿ ಯಾಕೆ ಸಾಲುವುದಿಲ್ಲ

ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣದ ಹಾಲಿನಲ್ಲಿ ತಾಯಿಯ ಆಂಟಿಬಾಡಿಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಕಣಗಳು, ಇರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವೇ. ತೊಂದರೆ ಏನೆಂದರೆ, ರೋಗದ ವೈರಸ್‌ಗೂ ಲಸಿಕೆಯಲ್ಲಿರುವ ಸೊರಗಿಸಿದ ವೈರಸ್‌ಗೂ ಅವು ಭೇದ ಮಾಡುವುದಿಲ್ಲ. ಎರಡನ್ನೂ ಹೊಡೆದು ಹಾಕುತ್ತವೆ. ಮರಿಯ ಮೈಯಲ್ಲಿ ತಾಯಿಯ ಆಂಟಿಬಾಡಿ ಇನ್ನೂ ಇರುವಾಗ ಲಸಿಕೆ ಹಾಕಿದರೆ ಅದು ಹತ್ತುವುದೇ ಇಲ್ಲ.

ಈ ಆಂಟಿಬಾಡಿ ಒಂದೊಂದು ಮರಿಯಲ್ಲಿ ಒಂದೊಂದು ಹೊತ್ತಿಗೆ ಇಳಿಯುತ್ತದೆ. ಕೆಲವಕ್ಕೆ 6–8 ವಾರಕ್ಕೆ, ಕೆಲವಕ್ಕೆ 12, ಕೆಲವಕ್ಕೆ 16ರ ಹತ್ತಿರ. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸ ಇರುತ್ತದೆ, ಯಾಕೆಂದರೆ ಬಲವಾದ ಮರಿ ಗಿಣ್ಣ ಜಾಸ್ತಿ ಕುಡಿದಿರುತ್ತದೆ. ನಡುವೆ ಒಂದು ಕೆಟ್ಟ ಹೊತ್ತು ಬರುತ್ತದೆ. ಆಗ ತಾಯಿಯ ಆಂಟಿಬಾಡಿ ರೋಗ ತಡೆಯುವಷ್ಟು ಇರುವುದಿಲ್ಲ, ಆದರೆ ಲಸಿಕೆಯನ್ನು ಕೆಡಿಸುವಷ್ಟು ಇರುತ್ತದೆ. ಅದು ಯಾವ ವಾರ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಮೂರು-ನಾಲ್ಕು ವಾರಕ್ಕೊಮ್ಮೆ ಚುಚ್ಚುತ್ತಾ ಹೋಗುವುದು. ಎರಡನೆಯದು, ಮೂರನೆಯದು ಮೊದಲನೆಯದಕ್ಕೆ ಬಲ ತುಂಬಲಿಕ್ಕೆ ಅಂತ ಜನ ತಿಳಿದಿದ್ದಾರೆ. ಪಾರ್ವೊ, ಡಿಸ್ಟೆಂಪರ್ ಅನ್ನುವ ಎರಡು ವೈರಸ್ ರೋಗಗಳ ಮಟ್ಟಿಗೆ ಪ್ರತಿ ಡೋಸೂ ಹೊಸ ಪ್ರಯತ್ನವೇ. ಯಾವುದೋ ಒಂದು ಹತ್ತುತ್ತದೆ. 16 ವಾರದ ಮೇಲಿನದು ಬಹುಪಾಲು ಎಲ್ಲ ಮರಿಗಳಿಗೂ ಹತ್ತುತ್ತದೆ.

ಯಾವ ರೋಗಗಳಿಗೆ

ರೇಬಿಸ್ ಮೊದಲು. ಲಕ್ಷಣ ಕಂಡ ಮೇಲೆ ನಾಯಿಯಾಗಲಿ ಮನುಷ್ಯನಾಗಲಿ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಶೇ 99ರವರೆಗೆ ನಾಯಿಯಿಂದಲೇ ಬರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ‘ನಮ್ಮ ನಾಯಿ ಮನೆ ಬಿಟ್ಟು ಹೋಗೋದೇ ಇಲ್ಲ’ ಅನ್ನುವವರಿಗೆ ಒಂದು ಮಾತು: ಗೇಟಿನ ಸಂದಿಯಲ್ಲಿ ಮೂಗು ತೂರಿಸಿ ಬೀದಿ ನಾಯಿಯ ಜೊತೆ ಜಗಳ ಆಡುವುದಕ್ಕೆ ಮನೆ ಬಿಡಬೇಕಾಗಿಲ್ಲ.

ಮರಿಗಳನ್ನು ಜಾಸ್ತಿ ಕೊಲ್ಲುವುದು ಪಾರ್ವೊ. 1978ರ ಸುಮಾರಿಗೆ ಹೊಸದಾಗಿ ಕಾಣಿಸಿಕೊಂಡ ಈ ವೈರಸ್ ಒಂದೆರಡು ವರ್ಷದಲ್ಲೇ ಜಗತ್ತೆಲ್ಲ ಹರಡಿತು. ಇದರ ಗಟ್ಟಿತನ ನೋಡಿ: ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನೀವು ದುರ್ಗದಬೈಲ್ ಮಾರ್ಕೆಟ್ಟಿಗೆ ಹೋಗಿ ಬಂದ ಚಪ್ಪಲಿಗೇ ಅಂಟಿಕೊಂಡು ಮನೆಗೆ ಬರಬಹುದು. ದಿನಾ ನೆಲ ಒರೆಸುವ ಫಿನೈಲಿಗೆ ಅದು ಬಗ್ಗುವುದಿಲ್ಲ. ಬ್ಲೀಚ್‌ಗೆ ಬಗ್ಗುತ್ತದೆ. ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂವತ್ತು ಪಾಲು. ಮೊದಲು ಸೋಪು ಹಾಕಿ ತೊಳೆದು, ಆಮೇಲೆ ಇದನ್ನು ಹಾಕಿ ಹತ್ತು ನಿಮಿಷ ಬಿಡಬೇಕು. ಮನೆಯಲ್ಲಿ ಒಂದು ಮರಿ ಪಾರ್ವೊದಿಂದ ಸತ್ತಿದ್ದರೆ ತಕ್ಷಣ ಇನ್ನೊಂದು ಸಣ್ಣ ಮರಿ ತರಬೇಡಿ. ಮಕ್ಕಳು ಅತ್ತರೂ ತಡೀರಿ. ತರಲೇಬೇಕೆಂದರೆ ಎಲ್ಲ ಡೋಸ್ ಮುಗಿದ ದೊಡ್ಡ ನಾಯಿ ತನ್ನಿ.

ಡಿಸ್ಟೆಂಪರ್ ನಿಧಾನಕ್ಕೆ ಬರುತ್ತದೆ. ಕಣ್ಣಲ್ಲಿ ಪಿಸರು, ಮೂಗು ಸೋರುವುದು, ಕೆಮ್ಮು. ‘ನೆಗಡಿ ಆಗೇತಿ’ ಅಂತ ಬಿಟ್ಟುಬಿಡುತ್ತಾರೆ. ಕೆಲವು ವಾರದ ಮೇಲೆ ಫಿಟ್ಸ್ ಶುರುವಾಗುತ್ತದೆ, ಏನೋ ಅಗಿಯುವಂತೆ ದವಡೆ ಆಡುತ್ತದೆ, ಕಾಲು ಅದುರುತ್ತದೆ. ಉಳಿದ ನಾಯಿಗೂ ಆ ಅದುರು ಜೀವನಪೂರ್ತಿ ಇರಬಹುದು. ಲಿವರಿಗೆ ಬರುವ ಹೆಪಟೈಟಿಸ್‌ನ ಲಸಿಕೆ ಇವೆರಡರ ಲಸಿಕೆಯ ಜೊತೆಗೇ ಒಂದೇ ಸಿರಿಂಜಿನಲ್ಲಿ ಸೇರಿರುತ್ತದೆ.

ಲೆಪ್ಟೊ ಅಂದರೆ ನಮ್ಮ ಇಲಿ ಜ್ವರ. ಇಲಿಯ ಮೂತ್ರ ಬಿದ್ದ ನೀರಿನಿಂದ ಬರುತ್ತದೆ. ನಾಯಿಗೆ ಕಾಮಾಲೆ ಆಗುತ್ತದೆ, ಕಿಡ್ನಿ ಕೈಕೊಡುತ್ತದೆ. ನಾಯಿಯ ಮೂತ್ರದಿಂದ ಮನೆಯವರಿಗೂ ದಾಟುತ್ತದೆ. ಅಮರಗೋಳದ ಎಪಿಎಂಸಿ ಸುತ್ತಮುತ್ತ, ಹತ್ತಿ-ಕಾಳಿನ ಗೋದಾಮಿನ ಹತ್ತಿರ, ಗಟಾರ ಉಕ್ಕುವ ಓಣಿಗಳಲ್ಲಿ, ಹಾನಗಲ್ ಕಡೆಯ ಭತ್ತದ ಗದ್ದೆಗಳಲ್ಲಿ ಇರುವ ನಾಯಿಗಳಿಗೆ ಮಳೆಗಾಲಕ್ಕೆ ಮುಂಚೆ ಈ ಲಸಿಕೆ ಆಗಿರಬೇಕು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಾಯಿಗೂ ನಾನು ಹಾಕಿಸಿ ಅಂತಲೇ ಹೇಳುತ್ತೇನೆ. ಪಾರ್ಕಿಂಗಿನಲ್ಲಿ ಇಲಿ ಇಲ್ಲದ ಅಪಾರ್ಟ್‌ಮೆಂಟ್ ಎಲ್ಲಿದೆ?

ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ಲಸಿಕೆ ಎಲ್ಲರಿಗೂ ಬೇಡ. ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡುವವರು, ಡಾಗ್ ಶೋಗೆ ಒಯ್ಯುವವರು ಹಾಕಿಸಲಿ. ಕೊರೊನಾ ಅಂತ ನಾಯಿಗೆ ಬೇರೆಯೇ ಒಂದು ಲಸಿಕೆ ಇದೆ. ಅದು ನಮಗೆ ಬಂದ ಕೋವಿಡ್ ಅಲ್ಲ, ನಾಯಿಯ ಹೊಟ್ಟೆ ಕೆಡಿಸುವ ಸಣ್ಣ ರೋಗ. ಅದನ್ನು ಹಾಕಿಸಲೇಬೇಕೆಂದು ಜಾಗತಿಕ ಪಶುವೈದ್ಯರ ಮಾರ್ಗಸೂಚಿಗಳು ಹೇಳುವುದಿಲ್ಲ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡೋಣ. ಫೈವ್ ಇನ್ ವನ್, ಸೆವೆನ್ ಇನ್ ವನ್, ನೈನ್ ಇನ್ ವನ್ ಅಂತ ಇರುತ್ತವೆ. ಒಂಬತ್ತು ಇದ್ದದ್ದು ಏಳಕ್ಕಿಂತ ಒಳ್ಳೆಯದು ಅಂತ ಅಲ್ಲ. ಲೆಪ್ಟೊದ ಒಂದೊಂದು ತಳಿಯನ್ನೂ ಬೇರೆ ಬೇರೆ ಎಣಿಸಿ, ಕೆಲವೊಮ್ಮೆ ಆ ಕೊರೊನಾವನ್ನೂ ಸೇರಿಸಿ ಸಂಖ್ಯೆ ಏರಿಸಿರುತ್ತಾರೆ. ನೀವು ಕೇಳಬೇಕಾದದ್ದು ಇಷ್ಟೇ: ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್, ಲೆಪ್ಟೊ ಇದರಲ್ಲಿ ಇವೆಯಾ? ರೇಬಿಸ್ ಸಾಮಾನ್ಯವಾಗಿ ಇವುಗಳಲ್ಲಿ ಇರುವುದಿಲ್ಲ, ಅದು ಬೇರೆ ಇಂಜೆಕ್ಷನ್.

ಮೊದಲು ಜಂತು, ಆಮೇಲೆ ಲಸಿಕೆ

ಹೊಟ್ಟೆ ತುಂಬ ಜಂತು ಇರುವ ಮರಿ ಸೊರಗಿರುತ್ತದೆ. ಹೊಟ್ಟೆ ಮಾತ್ರ ಗಡಿಗೆ ಹಾಗೆ ಉಬ್ಬಿರುತ್ತದೆ, ಪಕ್ಕೆಲುಬು ಕಾಣುತ್ತಿರುತ್ತವೆ. ಇಂಥ ಮೈಗೆ ಲಸಿಕೆ ಚೆನ್ನಾಗಿ ಹತ್ತಲಿಕ್ಕಿಲ್ಲ. ಎರಡು ವಾರದ ಮರಿಯಿಂದಲೇ ಜಂತಿನ ಔಷಧಿ ಶುರು ಮಾಡಬೇಕು. ಎರಡು ತಿಂಗಳ ತನಕ ಎರಡು ವಾರಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಔಷಧಿಯ ಪ್ರಮಾಣ ತೂಕದ ಮೇಲೆ, ಅದಕ್ಕೆ ಮರಿಯನ್ನು ತೂಗಿ. ಅಡುಗೆಮನೆಯ ತಕ್ಕಡಿ ಸಾಕು, ಇಲ್ಲದಿದ್ದರೆ ಮರಿ ಎತ್ತಿಕೊಂಡು ನೀವು ತೂಕದ ಮಷಿನ್ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ.

ಲಸಿಕೆಗೆ ಸುಮಾರು ಒಂದು ವಾರ ಮುಂಚೆ ಜಂತಿನ ಔಷಧಿ ಆಗಿದ್ದರೆ ಒಳ್ಳೆಯದು. ಕುರಿ ಸಾಕುವ ಮನೆಗಳಲ್ಲಿ, ಕಸಾಯಿ ಅಂಗಡಿಯ ಹಸಿ ಕರುಳು ತಿನ್ನುವ ನಾಯಿಗಳಿಗೆ ಲಾಡಿಹುಳುವಿನ ಔಷಧಿಯೂ ಸೇರಿರಬೇಕು, ವೈದ್ಯರಿಗೆ ಹೇಳಿ. ಆ ಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಲಿವರಿನಲ್ಲಿ ನೀರಿನ ಗಡ್ಡೆಗಳಾಗುತ್ತವೆ.

ರಕ್ತ ಹೀರುವ ಉಣ್ಣಿಯನ್ನೂ ನೋಡಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ. ಉಣ್ಣಿಯಿಂದ ಬರುವ ಜ್ವರ ನಮ್ಮ ಕಡೆ ಬಹಳ. ಅದಕ್ಕೆ ನಮ್ಮಲ್ಲಿ ಹಾಕಿಸುವ ಲಸಿಕೆ ಯಾವುದೂ ಇಲ್ಲ, ಉಣ್ಣಿ ಬರದಂತೆ ನೋಡಿಕೊಳ್ಳುವುದೊಂದೇ ದಾರಿ. ಜ್ವರ ಇದ್ದರೆ, ಊಟ ಬಿಟ್ಟಿದ್ದರೆ, ಭೇದಿ ಇದ್ದರೆ ಆ ದಿನ ಲಸಿಕೆ ಬೇಡ. ‘ಬಂದೇವಲ್ರಿ, ಹಾಕಿಬಿಡ್ರಿ’ ಅಂತ ಡಾಕ್ಟರಿಗೆ ಗಂಟು ಬೀಳಬೇಡಿ.

ತಾರೀಖು ಹಾಕಿಕೊಳ್ಳುವುದು

ಒಂದು ಉದಾಹರಣೆ ತಗೊಳ್ಳೋಣ. ಮರಿ ಜೂನ್ 1ಕ್ಕೆ ಹುಟ್ಟಿದೆ ಅಂತ ಇಟ್ಟುಕೊಳ್ಳಿ.

ಜುಲೈ 13ಕ್ಕೆ ಆರು ವಾರ. ಪಾರ್ವೊ, ಡಿಸ್ಟೆಂಪರ್ ಎರಡೇ ಇರುವ ಮರಿಗಳ ಲಸಿಕೆ, ಪಪ್ಪಿ ಡಿಪಿ ಅನ್ನುತ್ತಾರೆ. ತಾಯಿಗೆ ಲಸಿಕೆ ಆಗಿಲ್ಲ ಅಂದರೆ, ಅಥವಾ ಓಣಿಯಲ್ಲಿ ಪಾರ್ವೊ ಓಡಾಡುತ್ತಿದ್ದರೆ ಇದನ್ನು ತಪ್ಪಿಸಬೇಡಿ.

ಆಗಸ್ಟ್ 10ಕ್ಕೆ ಹತ್ತು ವಾರ. ಈಗ ಲೆಪ್ಟೊ ಸೇರಿದ ದೊಡ್ಡ ಲಸಿಕೆ. ಲೆಪ್ಟೊವನ್ನು ಎಂಟು ವಾರಕ್ಕೆ ಮುಂಚೆ ಹಾಕುವುದಿಲ್ಲ.

ಆಗಸ್ಟ್ 31ಕ್ಕೆ ಹದಿಮೂರು ವಾರ. ದೊಡ್ಡ ಲಸಿಕೆಯ ಎರಡನೇ ಸಲ, ಲೆಪ್ಟೊಗೆ ಎರಡು ಡೋಸ್ ಆಗಲೇಬೇಕು. ಇದರ ಜೊತೆ ಮೊದಲ ರೇಬಿಸ್. ರೇಬಿಸ್‌ಗೆ ಮೂರು ತಿಂಗಳು ತುಂಬಿರಬೇಕು.

ಸೆಪ್ಟೆಂಬರ್ 21ಕ್ಕೆ ಹದಿನಾರು ವಾರ. ಜನ ಬಿಟ್ಟುಬಿಡುವುದು ಇದನ್ನೇ. ಆ ಹೊತ್ತಿಗೆ ಗಣಪತಿ ಹಬ್ಬ, ಮನೆ ತುಂಬ ನೆಂಟರು, ಮರಿಯೂ ಚೆನ್ನಾಗಿ ಕುಣಿದಾಡಿಕೊಂಡಿರುತ್ತದೆ. ‘ಇನ್ನೇನು ದೊಡ್ಡದಾತಲ್ಲ’ ಅನಿಸುತ್ತದೆ. ಮೊಬೈಲಿನಲ್ಲಿ ಅಲಾರಂ ಇಡುವುದಾದರೆ ಈ ಒಂದು ತಾರೀಖಿಗಾದರೂ ಇಡಿ. ಬಹಳ ವೈದ್ಯರು ರೇಬಿಸ್‌ನ ಎರಡನೇ ಡೋಸನ್ನೂ ಇದೇ ದಿನ ಹಾಕುತ್ತಾರೆ.

ಆಮೇಲೆ ಆರು ತಿಂಗಳಿಗೆ, ಅಂದರೆ ನವೆಂಬರ್ ಕೊನೆಗೆ, ಇನ್ನೊಂದು ಡೋಸ್ ಹಾಕಿಸುವುದು ಈಚಿನ ಸಲಹೆ. ಮುಂಚೆ ಒಂದು ವರ್ಷಕ್ಕೆ ಅನ್ನುತ್ತಿದ್ದರು. ಹಿಂದಿನ ಯಾವ ಡೋಸೂ ಹತ್ತದೆ ಉಳಿದ ಅಪರೂಪದ ಮರಿಯನ್ನು ಹಿಡಿಯಲಿಕ್ಕೆ ವರ್ಷಪೂರ್ತಿ ಯಾಕೆ ಕಾಯಬೇಕು ಅನ್ನುವುದು ಅದರ ಹಿಂದಿನ ಲೆಕ್ಕ.

ದೊಡ್ಡದಾದ ಮೇಲೆ ರೇಬಿಸ್ ಮತ್ತು ಲೆಪ್ಟೊ ವರ್ಷಕ್ಕೊಮ್ಮೆ. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್‌ನ ರಕ್ಷಣೆ ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿಯುತ್ತದೆ ಅಂತ ಮಾರ್ಗಸೂಚಿಗಳು ಹೇಳುತ್ತವೆ. ಆದರೆ ನಮ್ಮಲ್ಲಿ ಎಲ್ಲ ಸೇರಿದ ಲಸಿಕೆಯನ್ನೇ ಪ್ರತಿ ವರ್ಷ ಹಾಕುವ ರೂಢಿ. ಇದರ ಬಗ್ಗೆ ನಿಮ್ಮ ವೈದ್ಯರ ಹತ್ತಿರ ಕೂತು ಮಾತಾಡಿ, ಅವರೂ ಖುಷಿಯಿಂದ ಹೇಳುತ್ತಾರೆ.

ಎಲ್ಲಿ ಹಾಕಿಸುವುದು

ನಮ್ಮ ಕಡೆ ‘ದನದ ದವಾಖಾನಿ’ ಅನ್ನುವ ಸರ್ಕಾರಿ ಪಶು ಆಸ್ಪತ್ರೆ ತಾಲ್ಲೂಕಿಗೊಂದು ಇದ್ದೇ ಇರುತ್ತದೆ. ಹೆಸರು ದನದ್ದಾದರೂ ನಾಯಿ, ಬೆಕ್ಕು ನೋಡುತ್ತಾರೆ. ರೇಬಿಸ್ ಲಸಿಕೆ ಅಲ್ಲಿ ಸಿಗುತ್ತದಾ ಅಂತ ಮೊದಲು ಕೇಳಿಕೊಳ್ಳಿ, ದಾಸ್ತಾನು ಒಮ್ಮೊಮ್ಮೆ ಖಾಲಿಯಾಗಿರುತ್ತದೆ. ಪಾರ್ವೊ ಲಸಿಕೆಗೆ ಬಹುಪಾಲು ಖಾಸಗಿ ಕ್ಲಿನಿಕ್ಕೇ ಗತಿ. ಗದಗದವರಿಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಊರಲ್ಲೇ ಇದೆ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿ ಮುಖ್ಯವಾಗಿ ಹಳ್ಳಿಯ ದನಕರುಗಳ ತುರ್ತಿಗೆ ಇರುವುದು, ಮರಿಯ ಲಸಿಕೆಗೆ ಅದನ್ನು ನೆಚ್ಚಬೇಡಿ.

ಜುಲೈ 6 ಮತ್ತು ಸೆಪ್ಟೆಂಬರ್ 28ರ ಆಸುಪಾಸು ಪಶುಪಾಲನಾ ಇಲಾಖೆಯವರು ಉಚಿತ ರೇಬಿಸ್ ಲಸಿಕೆ ಶಿಬಿರ ಮಾಡುವುದುಂಟು. 1885ರ ಜುಲೈ 6ಕ್ಕೆ ಲೂಯಿ ಪಾಶ್ಚರ್ ಮೊದಲ ಸಲ ಒಬ್ಬ ಹುಡುಗನಿಗೆ ರೇಬಿಸ್ ಲಸಿಕೆ ಕೊಟ್ಟದ್ದು, 1895ರ ಸೆಪ್ಟೆಂಬರ್ 28ಕ್ಕೆ ಪಾಶ್ಚರ್ ತೀರಿಕೊಂಡದ್ದು. ಶಿಬಿರಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಹತ್ತಾರು ನಾಯಿ ಸೇರಿದ ಜಾಗಕ್ಕೆ ಡೋಸ್ ಮುಗಿಯದ ಮರಿಯನ್ನು ಒಯ್ಯಬೇಡಿ, ಅಲ್ಲೇ ಪಾರ್ವೊ ಅಂಟಿಸಿಕೊಂಡು ಬಂದೀತು.

ಮೆಡಿಕಲ್ ಶಾಪಿನಿಂದ ತಂದು ನಾವೇ ಚುಚ್ಚಿಬಿಡೋಣ ಅನ್ನುವವರೂ ಇದ್ದಾರೆ. ನಾನು ಖಂಡಿತ ಬೇಡ ಅನ್ನುತ್ತೇನೆ. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಏಪ್ರಿಲ್ ತಿಂಗಳ ಗದಗದ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಅರ್ಧ ಗಂಟೆ ಇಟ್ಟರೆ ಲಸಿಕೆ ಕೆಡಬಹುದು. ಹಾಗಂತ ಫ್ರೀಜರಿನಲ್ಲಿ ಇಟ್ಟರೆ ರೇಬಿಸ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಕೆಟ್ಟ ಲಸಿಕೆ ನೋಡಲಿಕ್ಕೆ ಒಳ್ಳೆಯದರ ಹಾಗೇ ಇರುತ್ತದೆ, ಅಲ್ವಾ? ಕರೆಂಟು ಹೋದಾಗ ಫ್ರಿಜ್ಜಿಗೆ ಏನು ವ್ಯವಸ್ಥೆ ಅಂತ ಕ್ಲಿನಿಕ್ಕಿನಲ್ಲೂ ಕೇಳಬಹುದು. ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ಟೇಬಲ್ಲಿನ ಮೇಲೆ

ಹೋಗುವಾಗ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಕ್ಲಿನಿಕ್ಕಿನ ನೆಲಕ್ಕೆ ಬಿಡಬೇಡಿ. ಇವತ್ತು ಬೆಳಿಗ್ಗೆ ಅದೇ ನೆಲದ ಮೇಲೆ ಪಾರ್ವೊ ಮರಿಯೊಂದು ಮಲಗಿದ್ದಿರಬಹುದು. ಬೇರೆ ನಾಯಿ ಜಾಸ್ತಿ ಇದ್ದರೆ ಹೊರಗೆ ಆಟೋದಲ್ಲೇ ಕೂತಿರಿ, ಕರೆದಾಗ ಒಳಗೆ ಹೋಗಿ.

ಡಾಕ್ಟರು ಫ್ರಿಜ್ಜಿನಿಂದ ಎರಡು ಪುಟ್ಟ ಶೀಶೆ ತೆಗೆಯುತ್ತಾರೆ. ಒಂದರ ತಳದಲ್ಲಿ ಬಿಳಿ ಬಿಲ್ಲೆಯಂಥ ಒಣ ಪುಡಿ ಅಂಟಿಕೊಂಡಿರುತ್ತದೆ, ಇನ್ನೊಂದರಲ್ಲಿ ದ್ರವ. ಸಿರಿಂಜಿಗೆ ದ್ರವ ಎಳೆದುಕೊಂಡು ಪುಡಿಯ ಶೀಶೆಗೆ ಬಿಡುತ್ತಾರೆ, ಮೆಲ್ಲಗೆ ಅಲ್ಲಾಡಿಸುತ್ತಾರೆ, ಪುಡಿ ಕ್ಷಣದಲ್ಲಿ ಕರಗುತ್ತದೆ. ಮತ್ತೆ ಎಳೆದು ತಕ್ಷಣ ಚುಚ್ಚುತ್ತಾರೆ. ಕಲಸಿದ ಮೇಲೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಕಣ್ಣೆದುರೇ ಹೊಸ ಶೀಶೆ ಒಡೆದು ಕಲಸಬೇಕು. ಒಂದು ಶೀಶೆಯನ್ನು ಎರಡು ಸಣ್ಣ ಮರಿಗೆ ಹಂಚುವುದು ಸರಿಯಲ್ಲ. ಮುಧೋಳ ನಾಯಿಗಾಗಲಿ ಪಮೇರಿಯನ್ ಮರಿಗಾಗಲಿ ಡೋಸ್ ಒಂದೇ, ತೂಕದ ಲೆಕ್ಕ ಇಲ್ಲಿ ಬರುವುದಿಲ್ಲ.

ಶೀಶೆಯ ಮೇಲಿನ ಚೀಟಿ ಕಿತ್ತು ಲಸಿಕೆ ಪುಸ್ತಕಕ್ಕೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಇರುತ್ತವೆ. ಪಕ್ಕದಲ್ಲಿ ಹಾಕಿದ ತಾರೀಖು, ಮುಂದಿನ ತಾರೀಖು, ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ. ಚೀಟಿ ಇಲ್ಲದೆ ಪೆನ್ನಿನಲ್ಲಿ ಬರೀ ಒಂದು ಟಿಕ್ ಮಾರ್ಕ್ ಇದ್ದರೆ ಅದನ್ನು ದಾಖಲೆ ಅಂತ ನಂಬಬೇಡಿ. ಮರಿ ಮಾರುವವರು ಕೊಡುವ ಪುಸ್ತಕವನ್ನೂ ಹೀಗೇ ನೋಡಿ. ಪುಟ ತೆಗೆದು ಫೋಟೋ ಹೊಡೆದು ಮನೆಯವರ ವಾಟ್ಸಾಪಿಗೆ ಹಾಕಿಟ್ಟರೆ ಪುಸ್ತಕ ಕಳೆದರೂ ಚಿಂತೆ ಇಲ್ಲ.

ಹಿಡಿಯುವ ರೀತಿ ಹೀಗೆ: ಒಂದು ತೋಳು ನಾಯಿಯ ಕತ್ತಿನ ಕೆಳಗಿನಿಂದ ಬಳಸಿ ತಲೆಯನ್ನು ನಿಮ್ಮ ಎದೆಗೆ ಒತ್ತಿಕೊಳ್ಳಿ, ಇನ್ನೊಂದು ತೋಳು ಹೊಟ್ಟೆಯ ಸುತ್ತ. ಭುಜದ ಹತ್ತಿರದ ಸಡಿಲ ಚರ್ಮ ಎತ್ತಿ ಅದರಡಿ ಚುಚ್ಚುತ್ತಾರೆ. ಬಾಯಿ ಹಾಕುವ ನಾಯಿ ಆದರೆ ಮೊದಲೇ ಹೇಳಿ, ಮೂತಿಪಟ್ಟಿ ಹಾಕಿಸಿ. ‘ನಮ್ದು ಏನೂ ಮಾಡಂಗಿಲ್ರಿ’ ಅನ್ನುವವರ ನಾಯಿಗಳೇ ಕಂಪೌಂಡರನ ಕೈ ಹೆಚ್ಚು ಕಚ್ಚಿರುವುದು.

ಚುಚ್ಚಿದ ಮೇಲೆ

ಅರ್ಧ ಗಂಟೆ ಕ್ಲಿನಿಕ್ಕಿನ ಹತ್ತಿರವೇ ಇರಿ. ಅಪರೂಪಕ್ಕೆ ಅಲರ್ಜಿ ಆಗುತ್ತದೆ: ಮೂತಿ, ಕಣ್ಣಿನ ಸುತ್ತ ಊದಿಕೊಳ್ಳುವುದು, ಮೈಮೇಲೆ ದದ್ದು, ಮೇಲಿಂದ ಮೇಲೆ ವಾಂತಿ, ಉಸಿರು ಹಿಡಿಯುವುದು, ಕುಸಿದು ಬೀಳುವುದು. ಇದು ಬಹುಮಟ್ಟಿಗೆ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಯಲ್ಲಿ ಕಾಣುತ್ತದೆ. ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವಾಪಸ್ ಓಡಿ.

ಒಂದೆರಡು ದಿನ ಸಪ್ಪಗಿರುವುದು, ಸ್ವಲ್ಪ ಬೆಚ್ಚಗಾಗುವುದು, ಚುಚ್ಚಿದ ಜಾಗ ಗಂಟು ಕಟ್ಟುವುದು ಮಾಮೂಲಿ. ಜ್ವರ ಬಂತು ಅಂತ ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಜೀವ ತೆಗೆಯಲಿಕ್ಕೆ. ನಾಯಿಗೆ ಐಬುಪ್ರೊಫೆನ್ ಕೂಡ ಬೇಡ. ಸ್ನಾನ ಕೆಲವು ದಿನ ಮುಂದಕ್ಕೆ ಹಾಕಿ. ಮೈ ತೊಳೆದರೆ ಲಸಿಕೆ ಏನೂ ತೊಳೆದು ಹೋಗುವುದಿಲ್ಲ, ಆದರೆ ಬಳಲಿದ ಮರಿಗೆ ತಣ್ಣೀರು ಸುರಿದು ಮತ್ತೆ ಸುಸ್ತು ಮಾಡುವುದು ಯಾಕೆ?

ರಕ್ಷಣೆ ಬರಲಿಕ್ಕೆ ಒಂದೆರಡು ವಾರ ಬೇಕು. ಕೊನೆಯ ಡೋಸ್ ಮುಗಿದು ಅಷ್ಟು ದಿನ ಆಗುವ ತನಕ ಉಣಕಲ್ ಕೆರೆ, ಕೆಲಗೇರಿ ಕೆರೆ, ಕಾಲೇಜು ಮೈದಾನ ಅಂತ ನೆಲಕ್ಕೆ ಬಿಟ್ಟು ತಿರುಗಿಸಬೇಡಿ. ಹಾಗಂತ ನಾಲ್ಕು ತಿಂಗಳು ಕೋಣೆಯಲ್ಲಿ ಕೂಡಿ ಹಾಕಿದರೆ ಮರಿ ಅಂಜುಬುರುಕ ಆಗುತ್ತದೆ. ಎತ್ತಿಕೊಂಡು ಬಾಗಿಲಲ್ಲಿ ನಿಲ್ಲಿ, ಬಸ್ಸು, ಆಟೋ, ಹಾಲಿನವನು, ಶಾಲೆ ಮಕ್ಕಳು ಎಲ್ಲ ನೋಡಲಿ. ಲಸಿಕೆ ಆದ ಗೊತ್ತಿನ ನಾಯಿಯ ಜೊತೆ ಮನೆಯಂಗಳದಲ್ಲಿ ಆಡಲಿ.

ಬೆಕ್ಕು

ಬೆಕ್ಕಿಗೆ ಲಸಿಕೆ ಹಾಕಿಸುವವರು ನಮ್ಮ ಕಡೆ ಕಡಿಮೆ. ಹಾಲು ಕುಡಿದು ಇಲಿ ಹಿಡಿದುಕೊಂಡು ತನ್ನ ಪಾಡಿಗೆ ಇರುವ ಪ್ರಾಣಿ ಅಂತ ಸುಮ್ನೆ ಬಿಟ್ಟಿರುತ್ತಾರೆ. ಆದರೆ ಅದಕ್ಕೂ ತನ್ನದೇ ಪಾರ್ವೊ ಇದೆ, ಪ್ಯಾನ್‌ಲುಕೋಪೇನಿಯ ಅನ್ನುತ್ತಾರೆ. ನಾಯಿಯ ಪಾರ್ವೊದ ದಾಯಾದಿ, ಅಷ್ಟೇ ಗಟ್ಟಿ. ಇದರ ಜೊತೆ ನೆಗಡಿ, ಕಣ್ಣುಬೇನೆ, ಬಾಯಿಹುಣ್ಣು ತರುವ ಹರ್ಪಿಸ್, ಕ್ಯಾಲಿಸಿ ಎರಡು ವೈರಸ್. ಮೂರಕ್ಕೂ ಸೇರಿ ಒಂದೇ ಲಸಿಕೆ, ಕ್ಲಿನಿಕ್ಕಿನಲ್ಲಿ ಟ್ರೈಕ್ಯಾಟ್ ಅಂದರೆ ತಿಳಿಯುತ್ತದೆ. 8, 12, 16 ವಾರಕ್ಕೆ. ಇಲ್ಲೂ ಅದೇ ಲೆಕ್ಕ, ಕೊನೆಯದು 16 ವಾರದ ಮೇಲೆ ಬೀಳಬೇಕು. ರೇಬಿಸ್ 12 ವಾರದ ಮೇಲೆ, ಆಮೇಲೆ ಪ್ರತಿ ವರ್ಷ.

ಒಯ್ಯುವುದೇ ದೊಡ್ಡ ಕೆಲಸ. ಮುಚ್ಚಳ ಇರುವ ಪ್ಲಾಸ್ಟಿಕ್ ಬುಟ್ಟಿಯನ್ನು ಒಂದು ವಾರ ಮುಂಚೆಯೇ ಮನೆಯಲ್ಲಿ ತೆರೆದಿಡಿ. ಒಳಗೆ ಅದರ ಹಳೆ ಬಟ್ಟೆ ಹಾಕಿ, ಅಲ್ಲೇ ಮೀನೋ ಹಾಲೋ ಇಡಿ. ತಾನಾಗಿ ಹೋಗಿ ಮಲಗುತ್ತದೆ. ಹೊರಡುವ ದಿನ ಮುಚ್ಚಳ ಹಾಕಿ ಮೇಲೊಂದು ಟವೆಲ್ ಹೊದಿಸಿ. ಬೆಕ್ಕಿನಲ್ಲಿ ಚುಚ್ಚಿದ ಜಾಗದ ಗಂಟಿನ ಮೇಲೆ ಕಣ್ಣಿಡಿ. ಮೂರು ತಿಂಗಳಾದರೂ ಹೋಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಒಂದು ತಿಂಗಳ ಮೇಲೂ ಬೆಳೆಯುತ್ತಿದ್ದರೆ ತೋರಿಸಿ. ತೀರಾ ಅಪರೂಪಕ್ಕೆ ಅದು ಕ್ಯಾನ್ಸರ್ ಗಡ್ಡೆ ಆಗಿರಬಹುದು.

ಡೋಸ್ ತಪ್ಪಿದ್ದರೆ, ಬೀದಿಯಿಂದ ತಂದಿದ್ದರೆ

ಮರಿ ಇನ್ನೂ 16 ವಾರದೊಳಗಿದ್ದರೆ ಬಿಟ್ಟಲ್ಲಿಂದ ಮುಂದುವರಿಸಿ, 16 ದಾಟಿಸಿ ಮುಗಿಸಿ. ದೊಡ್ಡ ನಾಯಿ, ಹಿಂದಿನದು ಏನೂ ಗೊತ್ತಿಲ್ಲ ಅಂದರೆ ಆಗೇ ಇಲ್ಲ ಅಂತ ತಿಳಿಯಿರಿ: ದೊಡ್ಡ ಲಸಿಕೆ ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ರೇಬಿಸ್ ಒಂದು. ಲೆಪ್ಟೊ ಬಹಳ ತಡವಾಗಿದ್ದರೆ ಮತ್ತೆ ಎರಡು ಡೋಸಿನಿಂದ ಶುರು. ಗಬ್ಬದ ನಾಯಿಗೆ ಜೀವಂತ ವೈರಸ್ ಇರುವ ಲಸಿಕೆ ಹಾಕುವುದಿಲ್ಲ, ಬೆದೆಗೆ ಬಿಡುವ ಮುಂಚೆಯೇ ಮುಗಿಸಿಕೊಳ್ಳಿ.

ಬೀದಿ ನಾಯಿಯ ಕಿವಿಯ ತುದಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಆಗಿದೆ, ಆಗ ರೇಬಿಸ್ ಲಸಿಕೆಯನ್ನೂ ಹಾಕಿದ್ದಾರೆ ಅಂತ ಅರ್ಥ. ಯಾವ ವರ್ಷ ಅಂತ ಕಿವಿ ಹೇಳುವುದಿಲ್ಲ. ಮನೆಗೆ ಸೇರಿಸಿಕೊಂಡರೆ ಹೊಸದಾಗಿ ಹಾಕಿಸಿ. ‘ನಾಟಿ ನಾಯಿ ಗಟ್ಟಿ ಇರ್ತದ, ಏನೂ ಬ್ಯಾಡ’ ಅನ್ನುವ ಮಾತು ಹಳ್ಳಿಗಳಲ್ಲಿ ಬಹಳ. ಬದುಕಿ ಉಳಿದದ್ದನ್ನು ನೋಡಿ ಹೇಳುವ ಮಾತು ಅದು. ಸತ್ತ ಮರಿಗಳ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಕಚ್ಚಿದರೆ, ಪರಚಿದರೆ

ಲಸಿಕೆ ಆದ ಮನೆ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ಅನ್ನುವುದು ತೊಳೆಯುವಾಗ ಬಹಳ ಉದ್ದ. ಸುಣ್ಣ, ಅರಿಶಿನ, ಕಾಫಿ ಪುಡಿ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ಬ್ಯಾಡಗಿ ಮೆಣಸಿನಕಾಯಿ ಅಡುಗೆಮನೆಯಲ್ಲೇ ಇರಲಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆ, ಗದಗದ ಜಿಮ್ಸ್ ನಿಮಗೆ ಗೊತ್ತಿರುವವೇ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆಗೆ ದುಡ್ಡಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಇನ್ನೂ ಹೆದರುವ ಹಿರಿಯರಿದ್ದಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿದೆ. ಈಗ ತೋಳಿಗೆ ನಾಲ್ಕೈದು ಸಲ, ತಿಂಗಳೊಳಗೆ ಮುಗಿಯುತ್ತದೆ. ಆಳವಾದ ಗಾಯ ಆಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಸಿದ್ಧ ಆಂಟಿಬಾಡಿ ಕೂಡ ಕೊಡುತ್ತಾರೆ, ಅದು ಬೇಕಾ ಅಂತ ಬಾಯಿಬಿಟ್ಟು ಕೇಳಿ.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ, ಕಟ್ಟಿ ಹತ್ತು ದಿನ ನೋಡಿ. ಹತ್ತು ದಿನ ಅದು ಚೆನ್ನಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಅರ್ಥ. ನೋಡುತ್ತಾ ಕೂತು ನಿಮ್ಮ ಇಂಜೆಕ್ಷನ್ ತಡ ಮಾಡಬೇಡಿ, ಎರಡೂ ಒಟ್ಟಿಗೇ ನಡೆಯಲಿ. ನಿಮ್ಮ ನಾಯಿಗೇ ಬೀದಿ ನಾಯಿ ಕಚ್ಚಿದ್ದರೆ ಅದರ ಗಾಯವನ್ನೂ ಕೈಗವಸು ಹಾಕಿಕೊಂಡು ಹೀಗೇ ತೊಳೆದು ಪಶುವೈದ್ಯರ ಹತ್ತಿರ ಹೋಗಿ. ಹಿಂದೆ ಲಸಿಕೆ ಆಗಿದ್ದರೂ ಈಗ ಮತ್ತೆ ಹಾಕುತ್ತಾರೆ. ಎಷ್ಟು ಡೋಸ್ ಅನ್ನುವುದು ನಿಮ್ಮ ಪುಸ್ತಕ ನೋಡಿ ಅವರು ಹೇಳುತ್ತಾರೆ.

ಉಳಿದ ಪ್ರಾಣಿಗಳ ಬಗ್ಗೆ ಎರಡು ಮಾತು. ಮನೆಯಲ್ಲಿ ಸಾಕುವ ಮೊಲಕ್ಕೆ ನಮ್ಮಲ್ಲಿ ರೂಢಿಯ ಲಸಿಕೆ ಯಾವುದೂ ಇಲ್ಲ. ಹಿತ್ತಲಲ್ಲಿ ಕೋಳಿ ಇದ್ದರೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುತ್ತಾರೆ, ದನದ ದವಾಖಾನೆಯಲ್ಲಿ ಕೇಳಿ. ಪಂಜರದ ಗಿಳಿಗೆ ಯಾವ ಲಸಿಕೆ ಅಂತ ಮಾತ್ರ ಕೇಳಬೇಡಿ. ನಮ್ಮ ಊರಿನ ಹಸಿರು ಗಿಳಿಯನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.